ದಿನನಿತ್ಯದ ಪವಾಡಗಳನ್ನೂ ಸಾಕ್ಷಿ ಹೇಳಬೇಕು ಅಲ್ವಾ?

ರಾತ್ರಿಪಾಳಿ

ಎಲ್ಲರಿಗೂ ವಂದನೆ. ತುಂಬಾ ದಿನದಿಂದ ಮನಸ್ಸಿನಲ್ಲಿದ್ದ ವಿಷಯ ಇದು. ನಮ್ಮ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ದೇವರು ತಮಗೆ ಮಾಡಿದ್ದನ್ನು ಎಲ್ಲರ ಮುಂದೆ ಸಾಕ್ಷಿ ಹೇಳುವ ಹೊತ್ತು ಬಂತು ಅಂದರೆ ದೊಡ್ಡ ದೊಡ್ಡ ವಿಷಯಗಳೇ ಬರುತ್ತವೆ. ಕ್ಯಾನ್ಸರ್ ವಾಸಿಯಾಯಿತು, ವೀಸಾ ಸಿಕ್ಕಿತು, ಹತ್ತು ವರ್ಷ ಮಕ್ಕಳಿಲ್ಲದವರಿಗೆ ಮಗುವಾಯಿತು. ಅವೆಲ್ಲಾ ದೇವರ ಕೃಪೆಯೇ, ನನಗೆ ಅನುಮಾನ ಇಲ್ಲ. ಆದರೆ ಹಿಂದಿನ ಬೆಂಚಿನಲ್ಲಿ ಕೂತ ಅಜ್ಜಿ ತನ್ನ ಹತ್ತಿರ ಹೇಳುವಂಥದ್ದು ಏನೂ ಇಲ್ಲ ಅಂದುಕೊಂಡು ಸುಮ್ಮನಿದ್ದುಬಿಡುತ್ತಾಳೆ. ಆ ಅಜ್ಜಿಯ ಬದುಕಿನಲ್ಲಿ ದೇವರು ಏನೂ ಮಾಡಿಲ್ಲವಾ? ನನಗಂತೂ ಹಾಗೆ ಅನ್ನಿಸುವುದಿಲ್ಲ.

ನನ್ನ ಊರು ಗದಗ ಕಡೆ, ಬೆಂಗಳೂರಿನಲ್ಲಿ ನರ್ಸ್ ಕೆಲಸ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಡ್ರೆಸ್ಸಿಂಗ್ ಮಾಡುವುದು ನನ್ನ ದಿನದ ಕೆಲಸ. ಮೊದಲ ದಿನ ಬ್ಯಾಂಡೇಜ್ ಬಿಚ್ಚಿದಾಗ ನೋಡಲಾಗುವುದಿಲ್ಲ. ಕಪ್ಪಗೆ ಸತ್ತ ಚರ್ಮ, ಮೇಲೆ ಹಳದಿ ಪೊರೆ, ವಾಸನೆ. ಡಾಕ್ಟರ್ ಸತ್ತದ್ದನ್ನೆಲ್ಲಾ ಕತ್ತರಿಸಿ ತೆಗೆಯುತ್ತಾರೆ, ನಾವು ಸಲೈನ್ ಹಾಕಿ ತೊಳೆದು ಗಾಜ್ ಇಟ್ಟು ಕಟ್ಟುತ್ತೇವೆ. ಮರುದಿನವೂ ಅದೇ, ಅದರ ಮರುದಿನವೂ ಅದೇ. ಏನೂ ಆಗುತ್ತಿಲ್ಲ ಅನ್ನಿಸುತ್ತದೆ, ರೋಗಿಗೂ ಬೇಜಾರು, ಮನೆಯವರಿಗೂ ಬೇಜಾರು. ಆಮೇಲೆ ಒಂದು ಬೆಳಿಗ್ಗೆ ಗಾಜ್ ಎತ್ತಿದರೆ ತಳದಲ್ಲಿ ಸಣ್ಣ ಸಣ್ಣ ಕೆಂಪು ಹರಳು ಹರಳಾಗಿ ಮಾಂಸ ಮೂಡಿರುತ್ತದೆ. ಸ್ವಲ್ಪ ತಾಗಿದರೂ ರಕ್ತ ಜಿನುಗುತ್ತದೆ. ರಕ್ತ ಬಂತು ಅಂದರೆ ಅಲ್ಲಿ ಜೀವ ಇದೆ. ಆಮೇಲೆ ಅಂಚಿನಿಂದ ತೆಳು ಗುಲಾಬಿ ಬಣ್ಣದ ಚರ್ಮ ಒಳಗೆ ಸರಿದು ಬರುತ್ತದೆ.

ಆ ಮಾಂಸವನ್ನು ನಾವ್ಯಾರೂ ಬೆಳೆಸಲಿಲ್ಲ. ಅಡ್ಡಿಯಾಗಿದ್ದದ್ದನ್ನು ತೆಗೆದೆವು, ಶುಚಿಯಾಗಿ ಇಟ್ಟೆವು, ಸಕ್ಕರೆ ಅಂಶ ಹಿಡಿತಕ್ಕೆ ತಂದೆವು, ಅಷ್ಟೇ. 16ನೇ ಶತಮಾನದಲ್ಲಿ ಆಂಬ್ರ್ವಾಸ್ ಪಾರೆ ಅಂತ ಒಬ್ಬ ಫ್ರೆಂಚ್ ಶಸ್ತ್ರವೈದ್ಯ ಇದ್ದ. ಯುದ್ಧಭೂಮಿಯಲ್ಲಿ ಸೈನಿಕರ ಗಾಯ ಕಟ್ಟುತ್ತಿದ್ದವನು. ನಾನು ಗಾಯ ಕಟ್ಟಿದೆ, ದೇವರು ವಾಸಿ ಮಾಡಿದ ಅಂತ ಹೇಳುತ್ತಿದ್ದನಂತೆ. ನರ್ಸಿಂಗ್ ಕಲಿಯುವಾಗ ಕೇಳಿದ್ದೆ, ಈಗ ದಿನಾ ನೆನಪಾಗುತ್ತದೆ.

ನಿಮ್ಮ ಮನೆಯಲ್ಲಿ, ಕೆಲಸದಲ್ಲಿ, ಬೀದಿಯಲ್ಲಿ ಇಂಥದ್ದು ಏನು ಕಂಡಿದ್ದೀರಿ? ಸಭೆಯಲ್ಲಿ ಎದ್ದು ಹೇಳುವಷ್ಟು ದೊಡ್ಡದಲ್ಲ ಅಂತ ಬಿಟ್ಟದ್ದು ಇದ್ದರೆ ಇಲ್ಲಿ ಬರೆಯಿರಿ.

ಕುಡ್ಲದ ಮಗಳು

ಅಕ್ಕ, ಓದಿ ತುಂಬಾ ಖುಷಿಯಾಯಿತು. ನಮ್ಮ ಮಂಗಳೂರು ಕಡೆ ಸೆಪ್ಟೆಂಬರ್ 8ಕ್ಕೆ ಮೊಂತಿ ಫೆಸ್ತ್. ಮಾತೆ ಮರಿಯಮ್ಮನ ಹುಟ್ಟುಹಬ್ಬ. ಅದಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳು ಹೂವು ತಂದು ಮರಿಯಮ್ಮನಿಗೆ ಹಾಕುತ್ತಾರೆ. ಹಬ್ಬದ ದಿನ ಇಗರ್ಜಿಯಲ್ಲಿ ಹೊಸ ಭತ್ತದ ತೆನೆ ಆಶೀರ್ವಾದ ಮಾಡಿ ಮನೆಗೊಂದರಂತೆ ಕೊಡುತ್ತಾರೆ. ಮನೆಗೆ ತಂದು ಕಾಳು ಬಿಡಿಸಿ, ಸಿಪ್ಪೆ ತೆಗೆದು, ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರೂ ಒಟ್ಟಿಗೆ ಕೂತು ಕುಡಿಯುವುದು. ಹಿರಿಯರು ಹಂಚುತ್ತಾರೆ. ಆ ದಿನ ಊಟಕ್ಕೆ ಮೀನೂ ಇಲ್ಲ, ಮಾಂಸವೂ ಇಲ್ಲ, ಬರೀ ತರಕಾರಿ.

ನಾನು ಈಗ ಮಸ್ಕತ್‌ನಲ್ಲಿದ್ದೇನೆ. ಅಮ್ಮ ಪ್ರತಿ ವರ್ಷ ನಾಲ್ಕು ಕಾಳು ಕವರಿನಲ್ಲಿ ಹಾಕಿ ಕಳಿಸುತ್ತಾರೆ. ಇಲ್ಲಿನ ಫ್ಲಾಟ್‌ನಲ್ಲಿ ಕೂತು ಆ ಕಾಳು ಸುಲಿಯುವಾಗ ಉಗುರಿನ ಸಂದಿಗೆ ಹೊಟ್ಟು ಚುಚ್ಚುತ್ತದೆ, ಒಳಗೆ ಬಿಳಿ ಹಾಲಿನಂಥ ಅಕ್ಕಿ. ಮಣ್ಣು, ಮಳೆ, ಕೆಸರಿನಲ್ಲಿ ನಿಂತ ಯಾರದೋ ಕಾಲು, ಇಷ್ಟರಿಂದ ಇದು ಬಂದಿದೆ. ಸೂಪರ್ ಮಾರ್ಕೆಟ್‌ನಲ್ಲಿ ಐದು ಕಿಲೋ ಚೀಲ ಎತ್ತಿಕೊಂಡು ಬರುವಾಗ ಇದು ನೆನಪಾಗುವುದೇ ಇಲ್ಲ.

ಧರ್ಮೋಪದೇಶದ ತರಗತಿಯಲ್ಲಿ ನಮ್ಮ ಸಿಸ್ಟರ್ ಒಬ್ಬರು ಸಂತ ಅಗಸ್ಟಿನ್ ಅವರ ಮಾತು ಹೇಳುತ್ತಿದ್ದರು. ಅವರು ಉತ್ತರ ಆಫ್ರಿಕಾದ ಹಿಪ್ಪೋ ಪಟ್ಟಣದ ಬಿಷಪ್ ಆಗಿದ್ದವರು, ಈಗಿನ ಅಲ್ಜೀರಿಯಾ. ಯೇಸುಸ್ವಾಮಿ ಐದು ರೊಟ್ಟಿಯಲ್ಲಿ ಐದು ಸಾವಿರ ಜನರಿಗೆ ಊಟ ಹಾಕಿದ್ದಕ್ಕೆ ಎಲ್ಲರೂ ಬೆರಗಾಗುತ್ತಾರೆ, ಆದರೆ ಕೆಲವೇ ಕಾಳು ಬಿತ್ತಿ ಇಡೀ ಲೋಕಕ್ಕೆ ವರ್ಷ ವರ್ಷ ಊಟ ಹಾಕುವವನೂ ಅವನೇ, ಅದು ಅದಕ್ಕಿಂತ ದೊಡ್ಡದು, ದಿನಾ ನಡೆಯುತ್ತದೆ ಅಂತ ಯಾರೂ ಬೆರಗಾಗುವುದಿಲ್ಲ ಅನ್ನುವ ಅರ್ಥದಲ್ಲಿ ಅವರು ಬೋಧಿಸಿದ್ದಾರೆ. 1600 ವರ್ಷದ ಹಿಂದಿನ ಮಾತು. ನೀವು ಗಾಯದ ಬಗ್ಗೆ ಬರೆದದ್ದೂ ಇದೇ ಅಲ್ವಾ.

ಪ್ರಶ್ನೆಗಾರ

ಒಂದು ಪ್ರಶ್ನೆ, ಯಾರೂ ತಪ್ಪು ತಿಳಿಯಬೇಡಿ, ನಿಜವಾಗಿ ತಿಳಿದುಕೊಳ್ಳಲು ಕೇಳುತ್ತಿದ್ದೇನೆ. ನಾನು ಬಿಎಸ್ಸಿ ಓದುತ್ತಿದ್ದೇನೆ. ಗಾಯದಲ್ಲಿ ಹೊಸ ರಕ್ತನಾಳ ಹೇಗೆ ಬೆಳೆಯುತ್ತದೆ, ಭತ್ತ ಹೇಗೆ ತೆನೆ ಕಟ್ಟುತ್ತದೆ, ಇದೆಲ್ಲಾ ಪುಸ್ತಕದಲ್ಲಿ ಇದೆ. ಕಾರಣ ಗೊತ್ತಿರುವುದನ್ನು ಪವಾಡ ಅನ್ನುವುದು ಹೇಗೆ? ಅದೂ ಅಲ್ಲದೆ ದೇವರನ್ನು ನಂಬದವರ ಗಾಯವೂ ವಾಸಿಯಾಗುತ್ತದೆ. ಪ್ರಾರ್ಥನೆ ಮಾಡಿದವರಿಗೂ ಮಾಡದವರಿಗೂ ವ್ಯತ್ಯಾಸ ಇಲ್ಲದಿದ್ದರೆ ನಂಬಿಕೆಯಿಂದ ಏನು ಬಂತು?

ನಿವೃತ್ತ ಮೇಷ್ಟ್ರು

ತಮ್ಮಾ, ಒಳ್ಳೆಯ ಪ್ರಶ್ನೆ ಕೇಳಿದ್ದೀಯ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು, ಧಾರವಾಡದವನು, ಸಭೆಯಲ್ಲಿ ಹಿರಿಯನಾಗಿಯೂ ಸೇವೆ ಮಾಡಿದ್ದೇನೆ. ಎರಡೂ ಕಡೆ ಇದ್ದವನಾಗಿ ಹೇಳುತ್ತೇನೆ.

ನಿನ್ನ ಎರಡನೇ ಮಾತಿನಿಂದ ಶುರು ಮಾಡೋಣ. ನಂಬದವರಿಗೂ ಗಾಯ ವಾಸಿಯಾಗುತ್ತದೆ ಅಂದೆ. ಹೌದು. ಯೇಸುಸ್ವಾಮಿ ಬೆಟ್ಟದ ಮೇಲೆ ಕೂತು ಹೇಳಿದ್ದೇ ಅದು. ದೇವರು ಕೆಟ್ಟವರ ಮೇಲೂ ಒಳ್ಳೆಯವರ ಮೇಲೂ ಸೂರ್ಯ ಮೂಡುವಂತೆ ಮಾಡುತ್ತಾನೆ, ಎಲ್ಲರಿಗೂ ಮಳೆ ಸುರಿಸುತ್ತಾನೆ. ಮತ್ತಾಯನ 5ನೇ ಅಧ್ಯಾಯದಲ್ಲಿದೆ. ಎಲ್ಲರಿಗೂ ಸಿಗುತ್ತದೆ ಅನ್ನುವುದು ದೇವರು ಇಲ್ಲ ಅನ್ನುವುದಕ್ಕೆ ಸಾಕ್ಷಿ ಅಲ್ಲ, ಅವನು ಎಷ್ಟು ಧಾರಾಳಿ ಅನ್ನುವುದಕ್ಕೆ ಸಾಕ್ಷಿ. ನಂಬಿಕೆ ಇದ್ದವನಿಗೆ ಜಾಸ್ತಿ ಮಳೆ ಬರುವುದಿಲ್ಲ. ಮಳೆ ಯಾರು ಕೊಟ್ಟರು ಅಂತ ಅವನಿಗೆ ಗೊತ್ತು, ಕೃತಜ್ಞತೆ ಹೇಳಲು ಒಬ್ಬರಿದ್ದಾರೆ. ಯೇಸುವಿನ ಮಾತಿನಿಂದ ಹತ್ತು ಜನ ಕುಷ್ಠರೋಗಿಗಳು ಶುದ್ಧರಾದರು, ಕೃತಜ್ಞತೆ ಹೇಳಲು ಹಿಂದಕ್ಕೆ ಬಂದವನು ಒಬ್ಬನೇ, ಅವನೂ ಯೆಹೂದ್ಯರು ದೂರ ಇಟ್ಟಿದ್ದ ಸಮಾರ್ಯದವನು. ಉಳಿದ ಒಂಬತ್ತು ಜನರ ಕಾಯಿಲೆ ವಾಪಸ್ ಬಂತು ಅಂತ ಲೂಕನು ತನ್ನ ಸುವಾರ್ತೆಯಲ್ಲಿ ಎಲ್ಲೂ ಬರೆದಿಲ್ಲ.

ಇನ್ನು ಕಾರಣ ಗೊತ್ತಿರುವ ವಿಷಯ. ಕಾರಣ ತಿಳಿದಷ್ಟೂ ನನಗೆ ಬೆರಗು ಜಾಸ್ತಿಯಾಗಿದೆ. ಪ್ರತಿ ವರ್ಷ ಎಂಟನೇ ತರಗತಿಯವರಿಗೆ ಈರುಳ್ಳಿ ಸಿಪ್ಪೆಯ ಒಳಪೊರೆಯನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸುತ್ತಿದ್ದೆ. ಸಾಲು ಸಾಲು ಜೀವಕೋಶ. ಯಾವ ವರ್ಷವೂ ನನಗೆ ಅದು ಹಳೆಯದು ಅನ್ನಿಸಲಿಲ್ಲ. ಮಕ್ಕಳಿಗೂ ಅಷ್ಟೇ, ಒಬ್ಬರನ್ನೊಬ್ಬರು ತಳ್ಳಿಕೊಂಡು ಬರುತ್ತಿದ್ದರು.

ಇನ್ನೂ ಒಂದು. ಸಭೆಯವರು ಕಾರಣ ಕೇಳುವುದಕ್ಕೆ ಹೆದರಿದವರಲ್ಲ. ಫ್ರಾನ್ಸಿನ ಲೂರ್ದ್‌ನಲ್ಲಿ 1858ರಲ್ಲಿ ಬರ್ನಡೆಟ್ ಅನ್ನುವ ಹುಡುಗಿಗೆ ದರ್ಶನವಾದ ಮೇಲೆ ಸಾವಿರಾರು ಜನ ನಾವು ವಾಸಿಯಾದೆವು ಅಂತ ಹೇಳಿದ್ದಾರೆ. ಅದನ್ನು ಪರೀಕ್ಷಿಸಲು ಅಲ್ಲೇ ವೈದ್ಯರ ಕಚೇರಿ ಇದೆ. ರಿಪೋರ್ಟ್ ನೋಡಿ, ವರ್ಷಗಟ್ಟಲೆ ಕಾದು, ಎಷ್ಟೋ ಸುತ್ತು ಪರಿಶೀಲನೆ ಮಾಡುತ್ತಾರೆ. ಇಷ್ಟು ವರ್ಷಗಳಲ್ಲಿ ಕಥೋಲಿಕ ಸಭೆ ಪವಾಡ ಅಂತ ಒಪ್ಪಿದ್ದು ಎಪ್ಪತ್ತರ ಆಸುಪಾಸು ಮಾತ್ರ. ನಾನು ಪ್ರೊಟೆಸ್ಟೆಂಟ್, ಆದರೂ ಆ ಎಚ್ಚರಿಕೆಯನ್ನು ಮೆಚ್ಚುತ್ತೇನೆ. ಉಳಿದ ಸಾವಿರಾರು ಜನರಿಗೆ ದೇವರು ಏನೂ ಮಾಡಲಿಲ್ಲ ಅಂತ ಅಲ್ಲಿನ ಯಾರೂ ಹೇಳುವುದಿಲ್ಲ.

ಪ್ರಶ್ನೆಗಾರ

ಥ್ಯಾಂಕ್ಸ್ ಸರ್. ಮಳೆಯ ಮಾತು ಯೋಚಿಸುವಂತಿದೆ. ಕೃತಜ್ಞತೆ ಹೇಳಲು ಒಬ್ಬರಿದ್ದಾರೆ ಅಂದಿರಲ್ಲ, ನಾನು ಆ ಕಡೆಯಿಂದ ನೋಡಿರಲಿಲ್ಲ. ಪೂರ್ತಿ ಒಪ್ಪಿದೆ ಅಂತ ಹೇಳಲಾರೆ, ಆದರೆ ಓದುತ್ತಾ ಇರುತ್ತೇನೆ.

ಬಯಲುಸೀಮೆ

ಎಲ್ಲರೂ ಚೆನ್ನಾಗಿ ಬರೆಯುತ್ತಿದ್ದೀರಿ. ನನ್ನದು ಬೇರೆ ಥರ. ಬರೆಯಬಾರದು ಅಂದುಕೊಂಡಿದ್ದೆ.

ನನ್ನ ಹೆಂಡತಿಗೆ ಕಿಡ್ನಿ ಹೋಯಿತು. ವಾರಕ್ಕೆ ಎರಡು ಸಲ ಡಯಾಲಿಸಿಸ್. ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಬರುವುದು, ಬರುವಾಗ ನನ್ನ ಹೆಗಲ ಮೇಲೆ ತಲೆಯಿಟ್ಟು ಮಲಗಿರುತ್ತಿದ್ದಳು. ಉಪವಾಸ ಪ್ರಾರ್ಥನೆ ಮಾಡಿದೆವು, ಎಣ್ಣೆ ಹಚ್ಚಿ ಕೈಯಿಟ್ಟು ಪ್ರಾರ್ಥಿಸಿದರು, ಯಾರು ಎಲ್ಲಿಗೆ ಹೇಳಿದರೂ ಹೋದೆವು. ಒಂದು ಕೂಟದಲ್ಲಿ ಪ್ರಾರ್ಥನೆ ಮಾಡಿದವರು ಎಲ್ಲರ ಮುಂದೆಯೇ ಇನ್ನೂ ನಂಬಿಕೆ ಸಾಲದು, ಮನೆಯಲ್ಲಿ ಏನೋ ತಡೆ ಇದೆ ಅಂದರು. ಅವಳು ಅಲ್ಲೇ ಕೂತಿದ್ದಳು, ಕೇಳಿಸಿಕೊಂಡಳು. ಮನೆಗೆ ಬಂದ ಮೇಲೆ ನಾನೇನು ತಪ್ಪು ಮಾಡಿದ್ದೇನೆ ಅಂತ ನನ್ನನ್ನು ಕೇಳುತ್ತಿದ್ದಳು. ಕೊನೆಯ ತನಕ ಕೇಳುತ್ತಿದ್ದಳು. ಕಾಯಿಲೆಗಿಂತ ಆ ಮಾತು ಅವಳನ್ನು ಜಾಸ್ತಿ ತಿಂದಿತು.

ಅವಳು ತೀರಿಕೊಂಡಳು. ಈಗ ದಿನನಿತ್ಯದ ಪವಾಡ ಅಂದರೆ ನಾನೇನು ಹೇಳಲಿ? ದೇವರನ್ನು ಬಿಟ್ಟಿಲ್ಲ ನಾನು. ಭಾನುವಾರ ಹೋಗುತ್ತೇನೆ. ಆದರೆ ಸಾಕ್ಷಿಯ ಹೊತ್ತಿಗೆ ಎದ್ದು ಹೊರಗೆ ಬರುತ್ತೇನೆ.

ರಾತ್ರಿಪಾಳಿ

ಅಣ್ಣ, ಬರೆದದ್ದು ಒಳ್ಳೆಯದಾಯಿತು. ನಿಮ್ಮ ಮನೆಯವರು ಯಾವ ತಪ್ಪೂ ಮಾಡಿರಲಿಲ್ಲ. ಅದನ್ನು ಮೊದಲು ಹೇಳಿಬಿಡುತ್ತೇನೆ. ಕಿಡ್ನಿ ಹೋಗುವುದು ಬಿಪಿಯಿಂದ, ಸಕ್ಕರೆಯಿಂದ, ಸೋಂಕಿನಿಂದ, ಹುಟ್ಟಿನಿಂದ ಬಂದ ತೊಂದರೆಗಳಿಂದ. ಪಾಪದಿಂದ ಹೋದ ಕಿಡ್ನಿ ನಾನು ಒಂದೂ ನೋಡಿಲ್ಲ. ಹುಟ್ಟು ಕುರುಡನನ್ನು ತೋರಿಸಿ ಶಿಷ್ಯರು ಯಾರು ಪಾಪ ಮಾಡಿದ್ದರು, ಇವನೋ ಇವನ ತಂದೆತಾಯಿಯೋ ಅಂತ ಕೇಳಿದಾಗ ಯೇಸು ಇವನೂ ಅಲ್ಲ, ಅವರೂ ಅಲ್ಲ ಅಂದುಬಿಟ್ಟರು. ಆ ಕೂಟದಲ್ಲಿ ಮಾತಾಡಿದವರು ಯೋಹಾನನ 9ನೇ ಅಧ್ಯಾಯ ಓದಬೇಕಿತ್ತು.

ನಂಬಿಕೆ ಸಾಲದೆ ವಾಸಿಯಾಗಲಿಲ್ಲ ಅನ್ನುವುದಾದರೆ ಅಪೊಸ್ತಲ ಪೌಲನ ನಂಬಿಕೆ ಸಾಲದೆ ಇತ್ತಾ? ಶರೀರದಲ್ಲಿ ಇದ್ದ ಮುಳ್ಳನ್ನು ತೆಗೆ ಅಂತ ಮೂರು ಸಲ ಬೇಡಿಕೊಂಡ. ತೆಗೆಯಲಿಲ್ಲ. ನನ್ನ ಕೃಪೆಯೇ ನಿನಗೆ ಸಾಕು ಅಂದ ದೇವರು. ಗೆತ್ಸೇಮನೆ ತೋಟದಲ್ಲಿ ಯೇಸುವೇ ಈ ಪಾತ್ರೆ ನನ್ನಿಂದ ತಪ್ಪಲಿ ಅಂತ ಕೇಳಿಕೊಂಡರು. ಅದೂ ತಪ್ಪಲಿಲ್ಲ. ಪ್ರಾರ್ಥಿಸಿದ ಹಾಗೆ ಆಗದಿದ್ದವರ ಸಾಲಿನಲ್ಲಿ ಯೇಸು ನಿಂತಿದ್ದಾರೆ ಅಣ್ಣ.

ವಾರ್ಡಿನಲ್ಲಿ ಎಷ್ಟೋ ಜನ ನಮ್ಮ ಕಣ್ಣೆದುರೇ ಹೋಗುತ್ತಾರೆ. ಡ್ರೆಸ್ಸಿಂಗ್ ಮಾಡಿದ ಎಲ್ಲಾ ಕಾಲೂ ಉಳಿಯುವುದಿಲ್ಲ, ಕತ್ತರಿಸಬೇಕಾಗಿ ಬರುತ್ತದೆ. ಆ ದಿನಗಳಲ್ಲಿ ನಾನು ಎಲೀಯನ ಕತೆ ಓದುತ್ತೇನೆ, ಮೊದಲನೆಯ ಅರಸುಗಳ 19ನೇ ಅಧ್ಯಾಯ. ಬೆಂಕಿ ಇಳಿಸಿದ ದೊಡ್ಡ ಪ್ರವಾದಿ, ಸಾಕಪ್ಪಾ ಸಾಕು, ನನ್ನ ಪ್ರಾಣ ತೆಗೆದುಬಿಡು ಅಂತ ಗಿಡದ ಕೆಳಗೆ ಮಲಗಿಬಿಟ್ಟ. ದೇವದೂತ ಬಂದು ಅವನಿಗೆ ನಂಬಿಕೆಯ ಪಾಠ ಹೇಳಲಿಲ್ಲ. ಎದ್ದು ತಿನ್ನು ಅಂದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಪಕ್ಕದಲ್ಲಿ ನೀರು. ತಿಂದು ಮತ್ತೆ ಮಲಗಿದ. ದೂತ ಮಲಗಲು ಬಿಟ್ಟ. ಎರಡನೇ ಸಲ ಎಬ್ಬಿಸಿ ಮತ್ತೆ ಊಟ ಕೊಟ್ಟ, ದಾರಿ ದೂರ ಇದೆ ಅಂದ. ಅಷ್ಟೇ.

ನಿಮ್ಮ ಹತ್ತಿರ ಸಾಕ್ಷಿ ಕೇಳುತ್ತಿಲ್ಲ. ಹೊರಗೆ ಹೋಗಬೇಕು ಅನ್ನಿಸಿದರೆ ಹೋಗಿ ಅಣ್ಣ. ನಿಮ್ಮ ಜೊತೆ ಹೊರಗೆ ಬಂದು ನಿಲ್ಲುವವರು ಒಬ್ಬರಾದರೂ ಸಭೆಯಲ್ಲಿ ಇರಲಿ ಅಂತ ಪ್ರಾರ್ಥಿಸುತ್ತೇನೆ.

ನಿವೃತ್ತ ಮೇಷ್ಟ್ರು

ಬಯಲುಸೀಮೆಯವರೇ, ಸಹೋದರರೇ, ನಿಮ್ಮ ಪತ್ನಿಗೆ ಹಾಗೆ ಹೇಳಿದ್ದು ಅನ್ಯಾಯ. ಸಭೆಯ ಹಿರಿಯರು ಅಂತ ಅನ್ನಿಸಿಕೊಂಡವರು ಇಂಥ ಮಾತನ್ನು ಎದುರಿಗೇ ತಡೆಯಬೇಕು.

ಇಲ್ಲಿ ಓದುವ ಎಲ್ಲರಿಗೂ ಒಂದು ಮಾತು ಬಿಡಿಸಿ ಹೇಳುತ್ತೇನೆ. ಯಾರೇ ಆಗಲಿ, ಎಷ್ಟೇ ದೊಡ್ಡ ಪ್ರಸಂಗಿಯಾಗಲಿ, ಮಾತ್ರೆ ನಿಲ್ಲಿಸಿ, ಇನ್ಸುಲಿನ್ ನಿಲ್ಲಿಸಿ, ಅದೇ ನಿಮ್ಮ ನಂಬಿಕೆ ಅಂದರೆ ಅಲ್ಲಿಂದ ಎದ್ದು ಬನ್ನಿ. ಫಿಟ್ಸ್ ಮಾತ್ರೆ, ಟಿಬಿ ಮಾತ್ರೆ, ಬಿಪಿ ಮಾತ್ರೆ, ಮಾನಸಿಕ ಕಾಯಿಲೆಯ ಮಾತ್ರೆ, ಯಾವುದನ್ನೂ ಡಾಕ್ಟರನ್ನು ಕೇಳದೆ ಬಿಡಬೇಡಿ. ಸುವಾರ್ತೆ ಬರೆದ ಲೂಕನನ್ನು ಪೌಲನು ಪ್ರಿಯ ವೈದ್ಯ ಅಂತ ಕರೆದಿದ್ದಾನೆ. ತಿಮೊಥೆಯನಿಗೆ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತಗೋ ಅಂತ ಕಾಗದ ಬರೆದಿದ್ದಾನೆ. ಅದೂ ದೇವರ ವಾಕ್ಯದಲ್ಲೇ ಇದೆ.

ನಾಮಾನನ ಕತೆ ನೆನಪಿಸಿಕೊಳ್ಳಿ. ಅರಾಮ್ ದೇಶದ ಸೇನಾಪತಿ, ಮೈಯಲ್ಲಿ ಕುಷ್ಠ. ಎಲೀಷನ ಮನೆಯ ಮುಂದೆ ರಥ ನಿಲ್ಲಿಸಿ ಕಾದ. ಪ್ರವಾದಿ ಹೊರಗೂ ಬರಲಿಲ್ಲ, ಯೊರ್ದನ್ ಹೊಳೆಯಲ್ಲಿ ಏಳು ಸಲ ಮುಳುಗಿ ಏಳು ಅಂತ ಹೇಳಿ ಕಳಿಸಿದ. ನಾಮಾನನಿಗೆ ಸಿಟ್ಟು ಬಂತು. ನಮ್ಮೂರಲ್ಲಿ ಹೊಳೆ ಇಲ್ಲವಾ ಅಂದ. ಅವನಿಗೆ ಬೇಕಿದ್ದದ್ದು ಕೈ ಬೀಸಿ, ಹೆಸರು ಕೂಗಿ ಮಾಡುವ ದೊಡ್ಡ ಪವಾಡ. ಆಗ ಆಳುಗಳು ಕೇಳಿದರು, ಪ್ರವಾದಿ ಏನಾದರೂ ಕಷ್ಟದ ಕೆಲಸ ಹೇಳಿದ್ದರೆ ಮಾಡುತ್ತಿದ್ದಿರಿ ಅಲ್ವಾ, ಇಷ್ಟು ಸುಲಭದ್ದನ್ನು ಯಾಕೆ ಮಾಡಬಾರದು? ಅವನನ್ನು ಅಲ್ಲಿಯ ತನಕ ಕರೆತಂದದ್ದೂ ಒಬ್ಬ ಸೆರೆಯ ಹುಡುಗಿಯ ಮಾತು. ಆಕೆಯ ಹೆಸರು ಕೂಡ ಬರೆದಿಲ್ಲ. ಕಾನಾ ಊರಿನ ಮದುವೆಯಲ್ಲೂ ಹಾಗೇ. ಯೇಸು ನೀರನ್ನು ದ್ರಾಕ್ಷಾರಸ ಮಾಡಿದಾಗ ಅದು ಎಲ್ಲಿಂದ ಬಂತು ಅಂತ ಔತಣದ ಮೇಲ್ವಿಚಾರಕನಿಗೆ ಗೊತ್ತಾಗಲಿಲ್ಲ, ಆರು ಕಲ್ಲಿನ ಬಾನೆಗಳಿಗೆ ನೀರು ಹೊತ್ತು ತುಂಬಿಸಿದ ಕೆಲಸದವರಿಗೆ ಗೊತ್ತಿತ್ತು. ಅಡುಗೆಮನೆ ಕಡೆ ಇದ್ದವರಿಗೆ ಗೊತ್ತಿತ್ತು.

ಹೊಲಿಗೆಮಿಷನ್

ಮೇಷ್ಟ್ರೇ ಅಡುಗೆಮನೆ ಅಂದಿರಿ, ಹಾಗಾದರೆ ನಾನೂ ಹೇಳಬಹುದು. ಭದ್ರಾವತಿ ಕಡೆಯವಳು, ಬ್ಲೌಸ್ ಹೊಲಿಯುವುದು ನನ್ನ ಕೆಲಸ. ನಮ್ಮ ಸಭೆಯ ಸ್ತ್ರೀಯರ ಕೂಟದಲ್ಲಿ ಹಿಡಿ ಅಕ್ಕಿ ಇಡುತ್ತೇವೆ. ಅನ್ನಕ್ಕೆ ಅಕ್ಕಿ ಅಳೆದ ಮೇಲೆ ಅದರಿಂದಲೇ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ. ಮೊದಲು ತೆಗೆಯಬೇಕು, ಉಳಿದರೆ ಹಾಕುತ್ತೇನೆ ಅನ್ನುವ ಹಾಗಿಲ್ಲ. ತಿಂಗಳ ಕೊನೆಗೆ ಎಲ್ಲರ ಡಬ್ಬಿ ಒಂದು ಚೀಲಕ್ಕೆ ಸುರಿದು ಯಾರಿಗೆ ಅಗತ್ಯ ಇದೆಯೋ ಅವರಿಗೆ. ಒಬ್ಬರದು ಸೋನಾಮಸೂರಿ, ಒಬ್ಬರದು ರೇಷನ್ ಅಕ್ಕಿ, ಒಬ್ಬರದು ದಪ್ಪಕ್ಕಿ, ಎಲ್ಲಾ ಕಲೆತು ಚೀಲ ಬಣ್ಣ ಬಣ್ಣ ಆಗಿರುತ್ತದೆ.

ಲಾಕ್‌ಡೌನ್ ಹೊತ್ತಿನಲ್ಲಿ ಮದುವೆ ಇಲ್ಲ, ಹಬ್ಬ ಇಲ್ಲ, ಬ್ಲೌಸ್ ಯಾರು ಹೊಲಿಸುತ್ತಾರೆ. ಆಗ ಆ ಬಣ್ಣ ಬಣ್ಣದ ಅಕ್ಕಿ ನಮ್ಮ ಮನೆಗೆ ಬಂತು. ಅನ್ನ ಮಾಡಿದರೆ ಒಂದು ಬೆಂದಿರುತ್ತಿತ್ತು, ಒಂದು ಬೆಂದಿರುತ್ತಿರಲಿಲ್ಲ. ನೀರು ಜಾಸ್ತಿ ಇಟ್ಟು ಗಂಜಿ ಮಾಡಿದೆ. ನಾನು ಹಾಕಿದ ಹಿಡಿಯೂ ಅದರಲ್ಲೇ ಇದ್ದಿರಬೇಕು ಅಂತ ನನ್ನ ಮಗಳು ಹೇಳಿದಳು. ಬರಗಾಲದಲ್ಲಿ ಎಲೀಯನಿಗೆ ಊಟ ಕೊಟ್ಟ ಚಾರೆಪ್ತದ ವಿಧವೆಯ ಮಡಕೆಯಲ್ಲಿ ಹಿಟ್ಟು ತೀರಲಿಲ್ಲ ಅಂತ ಓದಿದಾಗಲೆಲ್ಲಾ ಅದು ಹೇಗೆ ತೀರದೆ ಉಳಿಯಿತು ಅಂತ ನಾನು ಯೋಚಿಸುತ್ತಿದ್ದೆ. ನಮ್ಮ ಮನೆಯಲ್ಲಿ ಹೇಗೆ ಉಳಿಯಿತು ಅಂತ ನನಗೆ ಗೊತ್ತು. ಯಾರ್ಯಾರ ಮನೆಯಿಂದ ಬಂತು ಅಂತಲೂ ಗೊತ್ತು. ಆದರೂ ಅದು ದೇವರೇ ಕಳಿಸಿದ್ದು.

ಕುಡ್ಲದ ಮಗಳು

ಅಕ್ಕ, ಮಿಜೋರಾಮಿನ ಸಭೆಗಳಲ್ಲಿ ಇದೇ ಪದ್ಧತಿ 1910ರಿಂದ ಇದೆ ಅಂತ ನನ್ನ ಜೊತೆ ಕೆಲಸ ಮಾಡುವ ಮಿಜೋ ಹುಡುಗಿ ಹೇಳಿದ್ದಳು. ಆ ಅಕ್ಕಿ ಮಾರಿ ಬಂದ ಹಣದಲ್ಲಿ ಸೇವೆಗೆ ಹೋದವರನ್ನು ಸಾಕುತ್ತಾರಂತೆ. ಹಣ ಇಲ್ಲದ ಹೆಂಗಸರು ಅಡುಗೆ ಒಲೆಯ ಮುಂದೆ ನಿಂತು ಮಾಡಿದ ಕೆಲಸ.

ಕಾವೇರಿದಂಡೆ

ನಮಸ್ಕಾರ. ನಾನು ಕ್ರೈಸ್ತಳಲ್ಲ, ಬರೆಯಬಹುದು ಅಂದುಕೊಂಡಿದ್ದೇನೆ. ನಮ್ಮದು ಕೆ.ಆರ್. ನಗರ ಕಡೆ. ದೋರನಹಳ್ಳಿ ಅಂತೋಣಪ್ಪನ (ಸಂತ ಅಂತೋನಿಯವರ) ಗುಡಿಗೆ ನಮ್ಮಜ್ಜಿಯ ಕಾಲದಿಂದ ಹೋಗುತ್ತೇವೆ. ಹೊಲ ಉಳುವಾಗ ರೈತನಿಗೆ ಸಿಕ್ಕ ವಿಗ್ರಹ ಅಂತ ಹಿರಿಯರು ಹೇಳುತ್ತಾರೆ. ಜೂನ್ 13ರ ಜಾತ್ರೆಗೆ ಎಲ್ಲಾ ಜಾತಿಯವರೂ ಬರುತ್ತಾರೆ. ಕಳೆದ ವಸ್ತು ಹುಡುಕಿಕೊಡುವ ದೇವರು ಅಂತ ನಮಗೆ ನಂಬಿಕೆ.

ನಾನು ಹೇಳಬೇಕಾದದ್ದು ಜಾತ್ರೆಯ ಊಟದ ವಿಷಯ. ಹರಕೆ ಹೊತ್ತವರು ಅನ್ನ ಹಾಕಿಸುತ್ತಾರೆ. ಊರಿನಲ್ಲಿ ಒಬ್ಬರ ಮನೆಯಲ್ಲಿ ಒಬ್ಬರು ಉಣ್ಣದ ಕಾಲದಲ್ಲೂ ಅಲ್ಲಿ ಸಾಲಿನಲ್ಲಿ ಪಕ್ಕ ಪಕ್ಕ ಕೂತು ಉಂಡದ್ದನ್ನು ನಮ್ಮಜ್ಜಿ ಹೇಳುತ್ತಿದ್ದರು. ಯಾರದೋ ಕಳೆದ ಬಳೆ ಸಿಕ್ಕಿತೋ ಇಲ್ಲವೋ ನನಗೆ ಗೊತ್ತಿಲ್ಲ. ಅಜ್ಜಿ ಆ ಸಾಲಿನಲ್ಲಿ ಕೂತದ್ದು ನನಗೆ ದೊಡ್ಡದು ಅನ್ನಿಸುತ್ತದೆ.

ರಾತ್ರಿಪಾಳಿ

ಧಾರಾಳವಾಗಿ ಬರೆಯಿರಿ ಅಮ್ಮ. ನೀವು ಬರೆದದ್ದನ್ನು ಓದಿ ನಮ್ಮಮ್ಮನಿಗೂ ಫೋನ್ ಮಾಡಿ ಹೇಳಿದೆ.

ವೆಲ್ಲೂರು ಲ್ಯಾಬ್

ಈಗಷ್ಟೇ ಪೂರ್ತಿ ಓದಿ ಮುಗಿಸಿದೆ. ನಾನು ಕೋಲಾರದವನು, ವೆಲ್ಲೂರಿನ ಸಿಎಂಸಿ (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜ್) ಆಸ್ಪತ್ರೆಯ ಹತ್ತಿರ ಒಂದು ಲ್ಯಾಬಿನಲ್ಲಿ ಕೆಲಸ. ಈ ಊರೇ ಒಂದು ಬಾಗಿಲು ಬಡಿದ ಶಬ್ದದಿಂದ ಬೆಳೆದದ್ದು. ಐಡಾ ಸ್ಕಡರ್ ಅನ್ನುವ ಅಮೆರಿಕದ ಹುಡುಗಿ, ಅಪ್ಪ ಆಗ ತಿಂಡಿವನಂನಲ್ಲಿ ಮಿಷನರಿ ಡಾಕ್ಟರ್. ಅವಳಿಗೆ ಭಾರತದಲ್ಲಿ ಇರುವ ಮನಸ್ಸೇ ಇರಲಿಲ್ಲ, ವಾಪಸ್ ಹೋಗಬೇಕು ಅಂತಿದ್ದವಳು. ಒಂದೇ ರಾತ್ರಿ ಮೂವರು ಗಂಡಸರು ಒಬ್ಬರಾದ ಮೇಲೆ ಒಬ್ಬರು ಬಂದು ಹೆರಿಗೆಯಲ್ಲಿ ಕಷ್ಟಪಡುತ್ತಿರುವ ಹೆಂಡತಿಗೆ ಸಹಾಯ ಮಾಡಿ ಅಂತ ಅವಳನ್ನು ಕೇಳಿದರು. ನಾನು ಡಾಕ್ಟರ್ ಅಲ್ಲ, ಅಪ್ಪ ಬರುತ್ತಾರೆ ಅಂದಳು. ಗಂಡಸು ಡಾಕ್ಟರ್ ಬೇಡ ಅಂತ ಮೂವರೂ ಹೋದರು. ಬೆಳಗಾಗುವುದರಲ್ಲಿ ಮೂವರು ಹೆಂಗಸರೂ ಸತ್ತಿದ್ದರು. ಅವಳು ಅಮೆರಿಕಕ್ಕೆ ಹೋಗಿ ವೈದ್ಯೆಯಾಗಿ ವೆಲ್ಲೂರಿಗೆ ಬಂದು 1900ರಲ್ಲಿ ಒಂದೇ ಹಾಸಿಗೆಯಿಂದ ಈ ಆಸ್ಪತ್ರೆ ಶುರು ಮಾಡಿದಳು. 1918ರಲ್ಲಿ ಹೆಣ್ಣುಮಕ್ಕಳಿಗೆ ವೈದ್ಯಕೀಯ ಶಾಲೆ. ಆ ಮೂವರು ತಾಯಂದಿರು ಉಳಿಯಲಿಲ್ಲ. ಅದನ್ನು ನಾನು ಯಾವತ್ತೂ ಮರೆಯುವುದಿಲ್ಲ. ಆದರೆ ಅವರ ಸಾವು ಒಬ್ಬಳ ಕಿವಿಗೆ ಬಿತ್ತು.

ಪ್ರಶ್ನೆಗಾರ ತಮ್ಮನಿಗೆ ಇಲ್ಲಿನದೇ ಇನ್ನೊಂದು. ಡಾಕ್ಟರ್ ಪಾಲ್ ಬ್ರ್ಯಾಂಡ್, 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿದವರು, ಇಲ್ಲಿ ಕುಷ್ಠರೋಗಿಗಳ ಮುದುಡಿದ ಬೆರಳುಗಳನ್ನು ಶಸ್ತ್ರಚಿಕಿತ್ಸೆ ಮಾಡಿ ನೇರ ಮಾಡಿದರು. ಕುಷ್ಠ ಬಂದರೆ ಮಾಂಸ ತಾನಾಗಿ ಕೊಳೆತು ಬೆರಳು ಉದುರುತ್ತದೆ ಅಂತ ಎಲ್ಲರೂ ತಿಳಿದಿದ್ದರು. ಹಾಗಲ್ಲ, ನೋವು ಗೊತ್ತಾಗುವ ನರ ಸಾಯುತ್ತದೆ, ಅದಕ್ಕೇ ಬಿಸಿ ಪಾತ್ರೆ ಮುಟ್ಟಿದರೂ ಕೈ ಹಿಂದಕ್ಕೆ ಬರುವುದಿಲ್ಲ, ಗಾಯದ ಮೇಲೇ ನಡೆಯುತ್ತಾರೆ ಅಂತ ಅವರು ತೋರಿಸಿದರು. ರಾತ್ರಿ ಮಲಗಿದಾಗ ಇಲಿ ಬೆರಳು ಕಡಿದರೂ ಎಚ್ಚರವಾಗುತ್ತಿರಲಿಲ್ಲ. ಮನೆಗೆ ಹೋಗುವ ರೋಗಿಗಳ ಜೊತೆ ಬೆಕ್ಕನ್ನು ಕಳಿಸುತ್ತಿದ್ದರು. ನೋವನ್ನು ಕೊಟ್ಟದ್ದಕ್ಕೆ ದೇವರಿಗೆ ಸ್ತೋತ್ರ ಅಂತ ಆ ಡಾಕ್ಟರ್ ಜೀವಮಾನವೆಲ್ಲಾ ಹೇಳಿದರು. ಕಾರಣ ಹುಡುಕಿದವರೂ ಅವರೇ, ಸ್ತೋತ್ರ ಹೇಳಿದವರೂ ಅವರೇ.

ಪ್ರಶ್ನೆಗಾರ

ಬೆಕ್ಕಿನ ವಿಷಯ ಗೊತ್ತೇ ಇರಲಿಲ್ಲ ಸರ್. ನಮ್ಮ ಕ್ಲಾಸಿನಲ್ಲಿ ಹೇಳುತ್ತೇನೆ.

ಬಯಲುಸೀಮೆ

ಎಲ್ಲರ ಮಾತನ್ನೂ ಓದಿದೆ. ಅಕ್ಕ ಬರೆದ ಎಲೀಯನ ಅಧ್ಯಾಯವನ್ನೂ ತೆಗೆದು ಓದಿದೆ.

ಅವಳನ್ನು ಮಣ್ಣು ಮಾಡಿ ಬಂದ ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಓಣಿಯವರೇ ರೊಟ್ಟಿ ತಂದರು. ಎದುರು ಮನೆಯ ಸಾಹೇಬರ ಮನೆಯಿಂದ ಬ್ಯಾಳಿ, ಪಕ್ಕದ ಲಿಂಗಾಯತರ ಮನೆಯಿಂದ ಬಟ್ಟೆಯಲ್ಲಿ ಕಟ್ಟಿದ ಜೋಳದ ರೊಟ್ಟಿ, ಇನ್ನೂ ಮೆತ್ತಗಿದ್ದವು. ನಾನು ಉಣ್ಣಲ್ಲ ಅಂದೆ. ಆ ಅವ್ವ ಏನೂ ಮಾತಾಡಲಿಲ್ಲ, ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ನನ್ನ ಮಗನ ಕೈಗೆ ಕೊಟ್ಟಳು, ಅಪ್ಪಗ ತಿನಸು ಅಂದಳು. ಅವನು ತಿನಿಸಿದ, ತಿಂದೆ. ಇದನ್ನು ಪವಾಡ ಅನ್ನಬೇಕೋ ಬೇಡವೋ ನನಗೆ ಇನ್ನೂ ಗೊತ್ತಿಲ್ಲ. ನನ್ನ ಹೆಂಡತಿ ಇರಬೇಕಿತ್ತು, ಅದು ನನ್ನ ಮಾತು, ಅದು ಬದಲಾಗುವುದಿಲ್ಲ. ಆದರೆ ದೂತ ರೊಟ್ಟಿ ತಂದ ಅಂತ ಓದುವಾಗ ಆ ಅವ್ವನ ಮುಖವೇ ಬಂತು.

ಇನ್ನೊಂದು ಕೇಳಬೇಕಿತ್ತು. ಮಗನಿಗೂ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ ಅಂತ ಇಲ್ಲಿ ಹೇಳಿದ್ದಾರೆ. ವೆಲ್ಲೂರಿಗೆ ಕರೆದುಕೊಂಡು ಹೋಗಿ ಅಂದರು. ನನಗೆ ಆ ಊರೂ ಗೊತ್ತಿಲ್ಲ, ತಮಿಳೂ ಬರುವುದಿಲ್ಲ.

ವೆಲ್ಲೂರು ಲ್ಯಾಬ್

ಅಣ್ಣ, ಚಿಂತೆ ಮಾಡಬೇಡಿ, ಕರೆದುಕೊಂಡು ಬನ್ನಿ. ಬೆಂಗಳೂರಿಗೆ ಬಂದು ಚೆನ್ನೈ ಕಡೆಯ ರೈಲು ಹಿಡಿದರೆ ಕಾಟ್ಪಾಡಿ ಜಂಕ್ಷನ್‌ನಲ್ಲಿ ಇಳಿಯಬೇಕು. ಅಲ್ಲಿಂದ ಬಸ್ಸೂ ಇದೆ, ಆಟೋನೂ ಇದೆ. ನಾನು ಸ್ಟೇಷನ್‌ಗೆ ಬರುತ್ತೇನೆ, ಮೊದಲ ದಿನ ಜೊತೆಗಿದ್ದು ಮಾತಾಡುತ್ತೇನೆ. ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಮುಂಚೆಯೇ ಮಾಡಿಸಬೇಕು, ಅದನ್ನು ಇವತ್ತೇ ನೋಡೋಣ, ನನಗೆ ಖಾಸಗಿ ಸಂದೇಶ ಹಾಕಿ.

ರಾತ್ರಿಪಾಳಿ

ಅಣ್ಣ, ಹಳೆಯ ರಿಪೋರ್ಟ್ ಒಂದೂ ಬಿಡಬೇಡಿ. ಮಗನದ್ದು ಮಾತ್ರ ಅಲ್ಲ, ಅತ್ತಿಗೆಯವರದ್ದೂ ಎಲ್ಲಾ ತಗೊಂಡು ಹೋಗಿ, ಸ್ಕ್ಯಾನ್ ಫಿಲ್ಮ್, ರಕ್ತದ ರಿಪೋರ್ಟ್, ಬರೆದುಕೊಟ್ಟ ಚೀಟಿ ಸಮೇತ. ಮನೆಯಲ್ಲಿ ಯಾರಿಗಾದರೂ ಇತ್ತಾ ಅಂತ ಡಾಕ್ಟರ್ ಕೇಳಿಯೇ ಕೇಳುತ್ತಾರೆ. ಪ್ರೋಟೀನ್ ಹೋಗುವುದು ಬೇಗ ಗೊತ್ತಾದದ್ದು ಒಳ್ಳೆಯದು, ಈ ಹಂತದಲ್ಲಿ ಮಾಡಬಹುದಾದದ್ದು ತುಂಬಾ ಇರುತ್ತದೆ. ಅಲ್ಲಿಯ ತನಕ ಅಂಗಡಿಯಿಂದ ನೋವಿನ ಮಾತ್ರೆ ಕೇಳಿ ತಂದು ಕೊಡಬೇಡಿ, ಕಿಡ್ನಿಗೆ ಆಗುವುದಿಲ್ಲ. ಹೊರಡುವ ದಿನ ಹೇಳಿ, ಬೆಂಗಳೂರಿನಲ್ಲಿ ರೈಲು ಬದಲಿಸುವ ಹೊತ್ತಿಗೆ ನಾನು ಊಟ ತರುತ್ತೇನೆ. ಮಗನಿಗೆ ಉಪ್ಪು ಕಡಿಮೆ ಹಾಕುತ್ತೇನೆ.

ಬಯಲುಸೀಮೆ

ಸಂದೇಶ ಹಾಕಿದ್ದೇನೆ ತಮ್ಮಾ. ರಿಪೋರ್ಟ್ ಎಲ್ಲಾ ಒಂದು ಚೀಲದಲ್ಲಿ ಹಾಗೇ ಇವೆ, ತೆಗೆದು ಜೋಡಿಸುತ್ತೇನೆ. ಅಕ್ಕ, ನಾವು ಇಬ್ಬರೇ ಬರುವುದು.